ಅಂಗಡಿ ಯಾರ ಕೈಗೆ? ಉತ್ತರ ಕನ್ನಡದ ಹಿರಿಯ ವ್ಯಾಪಾರಸ್ಥರ ಮುಂದಿರುವ ಐದು ದಾರಿಗಳು

ಶಿರಸಿಯ ಹಾರ್ಡ್‌ವೇರ್ ಅಂಗಡಿಯೊಂದರ ಉದ್ರಿ ಪುಸ್ತಕ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಯಜಮಾನರ ದುಂಡನೆಯ ಅಕ್ಷರ. 'ಹುಲೇಕಲ್ ರಸ್ತೆ ಮೇಸ್ತ್ರಿ, 18,400.' 'ತೋಟದ ಮೂಲೆಮನೆ, 42,000, ಚಾಲಿ ಅಡಿಕೆ ಮಾರಿದ ಮೇಲೆ.' 'ಬಿಳಿ ಜೀಪು, 9,750.' ಯಾವ ಮೇಸ್ತ್ರಿ, ಯಾವ ಮೂಲೆಮನೆ, ಯಾರ ಜೀಪು ಎನ್ನುವುದು ಬರೆದವರಿಗೆ ಮಾತ್ರ ಗೊತ್ತು. 71ನೇ ವಯಸ್ಸಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಯಿತು. ಪುಸ್ತಕದಲ್ಲಿದ್ದ ಹನ್ನೊಂದು ಲಕ್ಷ ಉದ್ರಿಯಲ್ಲಿ ಮನೆಯವರ ಕೈಗೆ ಬಂದದ್ದು ಮೂರು ಲಕ್ಷ ಚಿಲ್ಲರೆ. ಅಂಗಡಿ ನೋಡಲು ಬಂದವರು ಮಾಲಿಗೆ ಅರ್ಧ ಬೆಲೆ ಕೇಳಿದರು. ಆಸ್ಪತ್ರೆಯ ಬಿಲ್ಲು ಎದುರಿಗಿತ್ತು, ಮನೆಯವರು ಒಪ್ಪಿದರು.

ಅದಕ್ಕೂ ಎರಡು ವರ್ಷ ಮೊದಲು ಅಲ್ಲೇ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಹುಡುಗ ಅಂಗಡಿ ನಡೆಸುವ ಮಾತು ತೆಗೆದಿದ್ದ. 'ಈಗ ಎಂತಕ್ಕೆ ಅವಸರ, ನಾ ಗಟ್ಟಿ ಇದ್ದೇನಲ್ಲ' ಅಂದಿದ್ದರು ಯಜಮಾನರು. ಆ ಮಾತು ನಡೆದಾಗ ನಾನು ಅದೇ ಅಂಗಡಿಯ ಒಳಕೋಣೆಯಲ್ಲಿ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದೆ. ನಾನೂ ಬಾಯಿಬಿಡಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಇಪ್ಪತ್ತು ವರ್ಷಗಳಿಂದ ಶಿರಸಿ, ಕುಮಟಾ, ಕಾರವಾರದ ಸಣ್ಣ ಮಧ್ಯಮ ವ್ಯಾಪಾರಗಳ ಲೆಕ್ಕ ಬರೆಯುತ್ತಿದ್ದೇನೆ. ಗಲ್ಲಾದ ಹಿಂದೆ ಕೂತು ಕೂದಲು ನೆರೆತವರು ಅಲ್ಲಿಂದ ಏಳಲು ಐದು ದಾರಿಗಳಿವೆ. ಮಕ್ಕಳಿಗೆ ಕೊಡುವುದು, ಕೆಲಸದವರಿಗೆ ಅಥವಾ ಪಾಲುದಾರರಿಗೆ ಕೊಡುವುದು, ಹೊರಗಿನವರಿಗೆ ಮಾರುವುದು, ನಡೆಸಲು ಬಿಟ್ಟುಕೊಡುವುದು, ಮತ್ತು ಲೆಕ್ಕ ತೀರಿಸಿ ಬಾಗಿಲು ಹಾಕುವುದು. ಇವುಗಳಲ್ಲಿ ಯಾವುದು ನಿಮಗೆ ಎಂದು ನೋಡುವುದಕ್ಕೆ ಮೊದಲು ಇನ್ನೊಂದು ಕೆಲಸ ಇದೆ.

ಮೊದಲು ಮೂರು ಪಾಲು ಮಾಡಿ

ನಮ್ಮವರು 'ಅಂಗಡಿ' ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಸೊತ್ತುಗಳಿವೆ: ಕಟ್ಟಡ ಮತ್ತು ಜಾಗ, ಮಾಲು ಮತ್ತು ಯಂತ್ರ, ಹಾಗೂ ಗಿರಾಕಿ. ಮೂರನ್ನೂ ಒಟ್ಟಿಗೆ ಒಬ್ಬರಿಗೇ ಕೊಡಬೇಕೆಂದಿಲ್ಲ. ಹೆಚ್ಚಿನ ಕಡೆ ಕೊಡಲೂಬಾರದು ಎನ್ನುವುದು ನನ್ನ ಅಭಿಪ್ರಾಯ. ವ್ಯಾಪಾರವನ್ನು ಒಬ್ಬರಿಗೆ ಕೊಟ್ಟು ಕಟ್ಟಡ ನಿಮ್ಮ ಹೆಸರಲ್ಲೇ ಉಳಿಸಿಕೊಂಡರೆ ತಿಂಗಳ ಬಾಡಿಗೆಯೇ ನಿಮ್ಮ ಪಿಂಚಣಿ. ಕೊಂಡವನು ಎಡವಿದರೂ ಜಾಗ ಕೈಬಿಡುವುದಿಲ್ಲ.

ಬೆಲೆ ಕಟ್ಟುವುದು ಹೇಗೆ? ಒಂದು ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪುಸ್ತಕದಲ್ಲಿ ವರ್ಷದ ಲಾಭ 14 ಲಕ್ಷ. ಕಟ್ಟಡ ಸ್ವಂತದ್ದು, ಆದ್ದರಿಂದ ಬಾಡಿಗೆ ಖರ್ಚು ಬಿದ್ದಿಲ್ಲ. ಅದೇ ಜಾಗ ಬೇರೆಯವರಿಗೆ ಕೊಟ್ಟಿದ್ದರೆ ತಿಂಗಳಿಗೆ 20,000 ಬರುತ್ತಿತ್ತು, ವರ್ಷಕ್ಕೆ 2.40 ಲಕ್ಷ ಕಳೆಯಿರಿ. ಯಜಮಾನರ ಜಾಗದಲ್ಲಿ ಮ್ಯಾನೇಜರ್ ಇಟ್ಟರೆ ತಿಂಗಳಿಗೆ 25,000; ಇನ್ನು 3 ಲಕ್ಷ ಕಳೆಯಿರಿ. ಮಧ್ಯಾಹ್ನ ಗಲ್ಲಾದಲ್ಲಿ ಕೂರುವ ಮನೆಯವರ ದುಡಿಮೆಗೂ 1.20 ಲಕ್ಷ. ಉಳಿಯಿತು 7.40 ಲಕ್ಷ. ವ್ಯಾಪಾರ ತಾನಾಗಿ ಗಳಿಸುವುದು ಇಷ್ಟೇ, 14 ಅಲ್ಲ. ಗಿರಾಕಿ ಬಳಗಕ್ಕೆ, ಅಂದರೆ ಗುಡ್‌ವಿಲ್‌ಗೆ, ನಮ್ಮ ಕಡೆ ಇಂಥ ಲಾಭದ ಒಂದರಿಂದ ಎರಡು ವರ್ಷದ ಮೊತ್ತ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಮಾಲಿನ ಬೆಲೆ ಸೇರಿಸಿ, ಕಂಪನಿಗಳಿಗೆ ಕೊಡಬೇಕಾದ ಬಾಕಿ ಕಳೆಯಿರಿ. ಮಾಲಿನಲ್ಲೂ ಗಟ್ಟಿಯಾದ ಪೇಂಟು, ಈಗ ಯಾರೂ ಕೇಳದ ಅಳತೆಯ ಪೈಪು ಫಿಟ್ಟಿಂಗು ಇವನ್ನೆಲ್ಲ ಮೊದಲೇ ಬೇರೆ ಇಡಿ. ಕೊಳ್ಳುವವನು ಬಂದು ಎತ್ತಿ ತೋರಿಸಿದರೆ ಒಳ್ಳೆಯ ಮಾಲಿನ ಬೆಲೆಯೂ ಇಳಿಯುತ್ತದೆ.

ಲಾಭದ ಸರಾಸರಿ ಸಾಮಾನ್ಯವಾಗಿ ಮೂರು ವರ್ಷದ್ದು ತೆಗೆಯುತ್ತಾರೆ. ಶಿರಸಿಯ ಬಟ್ಟೆ, ಪಾತ್ರೆ, ಹೋಟೆಲು ವ್ಯಾಪಾರಕ್ಕೆ ಅದು ಸರಿಹೋಗುವುದಿಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೂರು ವರ್ಷದಲ್ಲಿ ಜಾತ್ರೆ ಒಂದು ಸಲವೂ ಬರಬಹುದು, ಎರಡು ಸಲವೂ ಬರಬಹುದು. ಬೆಲೆ ಅಷ್ಟರಲ್ಲೇ ಏರುಪೇರಾಗುತ್ತದೆ. ನಾಲ್ಕು ವರ್ಷದ ಸರಾಸರಿ ತೆಗೆದರೆ ಎರಡೂ ಕಡೆಯವರಿಗೆ ನ್ಯಾಯ.

ಇಲ್ಲೊಂದು ಕಹಿ ವಿಷಯ ಹೇಳಲೇಬೇಕು. ನಮ್ಮಲ್ಲಿ ಬಹಳ ಜನ ವಹಿವಾಟಿನ ಮೇಲೆ ಶೇ. 8 ಅಥವಾ ಶೇ. 6ರ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುತ್ತಾರೆ. ಕಾನೂನೇ ಕೊಟ್ಟ ಅನುಕೂಲ ಅದು. ಆದರೆ ಮಾರುವ ದಿನ 'ನಿಜವಾದ ಲಾಭ ಇದರ ಎರಡರಷ್ಟಿದೆ' ಎಂದರೆ ಕೊಳ್ಳುವವನೂ ನಂಬುವುದಿಲ್ಲ, ಅವನಿಗೆ ಸಾಲ ಕೊಡುವ ಬ್ಯಾಂಕೂ ನಂಬುವುದಿಲ್ಲ. ಬಿಡಬೇಕೆಂದುಕೊಂಡ ವರ್ಷಕ್ಕಿಂತ ಮೂರು ವರ್ಷ ಮೊದಲೇ ಪೂರ್ತಿ ಪುಸ್ತಕ ಬರೆಸಿ. ತೆರಿಗೆ ಸ್ವಲ್ಪ ಹೆಚ್ಚು ಬೀಳಬಹುದು. ಬೆಲೆ ಕೂರುವುದು ಆ ಪುಸ್ತಕದ ಮೇಲೆ.

ಮಕ್ಕಳಿಗೆ

ಎಲ್ಲರ ಮನಸ್ಸಿನಲ್ಲೂ ಮೊದಲು ಬರುವ ದಾರಿ ಇದು. ಬೆಂಗಳೂರಲ್ಲಿರುವ ಮಗ ಎಂದಾದರೂ ಬಂದಾನು ಎಂದು ಹತ್ತು ವರ್ಷ ಕಾದವರನ್ನು ನೋಡಿದ್ದೇನೆ. ಮಗನನ್ನು ನೇರವಾಗಿ ಕೇಳಿದವರು ಕಡಿಮೆ. ಬೇಡ ಅನ್ನುತ್ತಾನೆ ಎಂಬ ಭಯ ಅಪ್ಪನಿಗೆ, ಅಪ್ಪನಿಗೆ ಬೇಸರವಾದೀತು ಎಂಬ ಭಯ ಮಗನಿಗೆ. ಯಲ್ಲಾಪುರದ ಕಡೆ ಹಾಳೆತಟ್ಟೆ ಘಟಕ ನಡೆಸುತ್ತಿದ್ದವರೊಬ್ಬರು ಮಗನ ದಾರಿ ಕಾದು ಕಾದು ಯಂತ್ರ ಮಾರಲು ಹೊರಟಿದ್ದರು. ಮಗಳು ಹಬ್ಬಕ್ಕೆ ಬಂದಾಗ 'ನನ್ನ ಒಂದು ಮಾತು ಕೇಳಿದ್ಯಾ ಅಪ್ಪಾ?' ಅಂದಳು. ಈಗ ಅವಳೇ ನಡೆಸುತ್ತಿದ್ದಾಳೆ, ಹೊರ ಜಿಲ್ಲೆಗಳಿಗೂ ಮಾಲು ಹೋಗುತ್ತಿದೆ. ಮಕ್ಕಳು ಅಂದರೆ ಎಲ್ಲ ಮಕ್ಕಳನ್ನೂ ಕೂರಿಸಿ ಕೇಳಿ.

ಕೇಳಲೇಬೇಕಾದ ಕಾರಣ ಕಾನೂನಿನಲ್ಲೂ ಇದೆ. ವ್ಯಾಪಾರ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯ ಖರ್ಚು ಮಾಡಿದ್ದೇವೆ, ಅಲ್ಲಿಗೆ ಲೆಕ್ಕ ಮುಗಿಯಿತು ಎಂಬ ಹಳೆಯ ಮಾತು ಇಲ್ಲಿ ನಡೆಯುವುದಿಲ್ಲ. ಒಬ್ಬ ಮಗನಿಗೆ ಅಂಗಡಿ ಕೊಡುವುದಿದ್ದರೆ ಉಳಿದವರಿಗೆ ಏನು ಎನ್ನುವುದು ಅದೇ ದಿನ ಕಾಗದದ ಮೇಲೆ ಬರಲಿ.

ಖರ್ಚಿನ ದೃಷ್ಟಿಯಲ್ಲಿ ಐದರಲ್ಲಿ ಇದೇ ಹಗುರ. ಮಕ್ಕಳಿಗೆ ದಾನವಾಗಿ ಕೊಟ್ಟರೆ ಕೊಟ್ಟವರಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ, ಪಡೆದವರಿಗೆ ಆದಾಯ ತೆರಿಗೆ ಇಲ್ಲ. ಜಿಎಸ್‌ಟಿ ನಂಬರು ಮಾತ್ರ ನಿಮ್ಮ ಪ್ಯಾನ್‌ಗೆ ಅಂಟಿಕೊಂಡದ್ದು, ಮಗನ ಹೆಸರಲ್ಲಿ ಹೊಸದು ಆಗಬೇಕು. ನಿಮ್ಮ ಖಾತೆಯಲ್ಲಿ ಉಳಿದ ಇನ್‌ಪುಟ್ ತೆರಿಗೆಯನ್ನು, ಅಂದರೆ ಮಾಲು ಕೊಳ್ಳುವಾಗ ಕಟ್ಟಿ ಜಮೆಯಾದ ಜಿಎಸ್‌ಟಿಯನ್ನು, ಐಟಿಸಿ-02 ಅರ್ಜಿಯಲ್ಲಿ ಅವನ ಖಾತೆಗೆ ದಾಟಿಸಬಹುದು. ನಿಮ್ಮ ಕಾಲಾನಂತರಕ್ಕೆಂದು ಬಿಡುವುದಾದರೆ ಮೃತ್ಯುಪತ್ರ ಬರೆಯಿರಿ. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನಲ್ಲ ಎಂದು ಸುಮ್ಮನಿರಬೇಡಿ. ನಾಮಿನಿ ಹಣ ಪಡೆದುಕೊಳ್ಳುವವನು, ವಾರಸುದಾರ ಬೇರೆಯೇ ಇರಬಹುದು.

ಕೊಡುವ ಮೊದಲು ಒಂದು ವರ್ಷ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಕೊಟ್ಟು ನೋಡಿ. ಆ ವರ್ಷ ನೀವು ಗಲ್ಲಾದಿಂದ ಎದ್ದಿರಬೇಕು. ನೀವು ಎದುರಿಗೇ ಕೂತಿದ್ದರೆ ಗಿರಾಕಿ ನಿಮ್ಮ ಮುಖ ನೋಡಿ ದರ ಕೇಳುತ್ತಾನೆ, ಮಗನ ಮಾತಿಗೆ ತೂಕ ಬರುವುದೇ ಇಲ್ಲ.

ಕೆಲಸದವರಿಗೆ ಅಥವಾ ಪಾಲುದಾರರಿಗೆ

ಮಕ್ಕಳು ಬರುವುದಿಲ್ಲ ಎಂದು ಖಚಿತವಾದ ಮೇಲೆ ನಾನು ಮೊದಲು ಕೇಳುವುದು, 'ನೀವು ಹದಿನೈದು ದಿನ ಕಾಶಿಗೆ ಹೋದರೆ ಅಂಗಡಿ ಕೀಲಿ ಯಾರ ಹತ್ತಿರ ಇರುತ್ತದೆ?' ಆ ಹೆಸರು ಥಟ್ಟನೆ ಬಂದರೆ ನಿಮ್ಮ ವ್ಯಾಪಾರಕ್ಕೆ ಗಿರಾಕಿ ಮನೆಯೊಳಗೇ ಇದ್ದಾನೆ. ಉದ್ರಿ ಯಾರದ್ದು, ಯಾವ ಮೇಸ್ತ್ರಿಗೆ ಎಷ್ಟು ಕಮಿಷನ್, ಮಳೆಗಾಲಕ್ಕೆ ಮೊದಲು ಯಾವ ಮಾಲು ತುಂಬಬೇಕು ಎಲ್ಲ ಅವನಿಗೆ ಗೊತ್ತು. ಇಲ್ಲದಿರುವುದು ದುಡ್ಡು ಒಂದೇ.

ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಈ ದಾರಿಯನ್ನು ಬಿಡುತ್ತಾರೆ. ನನ್ನ ಅನುಭವದಲ್ಲಿ ನಮ್ಮ ಜಿಲ್ಲೆಯ ಮಧ್ಯಮ ಗಾತ್ರದ ಅಂಗಡಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕುಮಟೆಯಲ್ಲಿ ಒಂದು ಮುದ್ರಣಾಲಯ. ಅಕ್ಷರ ಜೋಡಿಸುವ ಕಾಲದಲ್ಲಿ ಸೇರಿದ ಹುಡುಗ ಆಫ್‌ಸೆಟ್ ಯಂತ್ರ ಬಂದಾಗ ಅದನ್ನೂ ಕಲಿತ. ಇಪ್ಪತ್ತೆರಡು ವರ್ಷದ ಮೇಲೆ ಯಜಮಾನರು ಅವನಿಗೇ ಕೊಟ್ಟರು. ಒಟ್ಟು 24 ಲಕ್ಷ; ಕೈಯಲ್ಲಿ 6 ಲಕ್ಷ, ಅದರಲ್ಲಿ ಒಂದು ಪಾಲು ಹೆಂಡತಿಯ ಬಂಗಾರ ಅಡವಿಟ್ಟದ್ದು. ಉಳಿದ 18 ಲಕ್ಷಕ್ಕೆ ತಿಂಗಳಿಗೆ 30,000ದಂತೆ ಐದು ವರ್ಷ. ಬಡ್ಡಿ ಹಾಕಲಿಲ್ಲ, ಬದಲಿಗೆ ಕಟ್ಟಡದ ಬಾಡಿಗೆಯನ್ನು ಪೇಟೆಯ ದರಕ್ಕೇ ನಿಗದಿ ಮಾಡಿದರು. ಯಂತ್ರದ ಒಡೆತನ ಕೊನೆಯ ಕಂತಿನವರೆಗೆ ಯಜಮಾನರದ್ದೇ ಎಂದು ಕರಾರಿನಲ್ಲಿ ಬರೆಸಿದರು. ಮೂರು ಕಂತು ಸತತ ತಪ್ಪಿದರೆ ಯಂತ್ರ ವಾಪಸು, ಅಲ್ಲಿಯವರೆಗೆ ಕೊಟ್ಟದ್ದರಲ್ಲಿ ಎಷ್ಟು ಹಿಂದಿರುಗಬೇಕು ಎಂಬ ಲೆಕ್ಕವೂ ಅದರಲ್ಲೇ. ಕೋವಿಡ್ ಕಾಲದಲ್ಲಿ ಲಗ್ನಪತ್ರಿಕೆ ಇಲ್ಲ, ಜಾತ್ರೆಯ ಕರಪತ್ರ ಇಲ್ಲ, ಎಂಟು ತಿಂಗಳು ಕಂತು ನಿಂತಿತು. ಯಜಮಾನರು ಕಾದರು. ಕೊಳ್ಳುವವನು ಅಪರಿಚಿತನಾಗಿದ್ದರೆ ಕಾಯುತ್ತಿದ್ದರೋ ಇಲ್ಲವೋ. ಕಂತು ಪೂರ್ತಿ ಮುಗಿದಿದೆ.

ಈ ದಾರಿಯಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಉಳಿದ ಕೆಲಸದವರು. ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು, ಕೊಡಬೇಕು: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15 ದಿನಕ್ಕೆ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿ. 15,000 ಸಂಬಳದವನಿಗೆ 20 ವರ್ಷಕ್ಕೆ ಸುಮಾರು 1.73 ಲಕ್ಷ. ಇದನ್ನು ನೀವು ಕೊಡುತ್ತೀರೋ, ಹೊಸಬನು ಹೊರುತ್ತಾನೋ ಎಂದು ಬೆಲೆಯ ಮಾತಿನಲ್ಲೇ ತೀರ್ಮಾನವಾಗಲಿ. ಇನ್ನೊಂದು, ಬ್ಯಾಂಕಿನ ಸಾಲ. ವ್ಯಾಪಾರ ಬಿಟ್ಟುಕೊಟ್ಟ ಮಾತ್ರಕ್ಕೆ ಸಿಸಿ (ಕ್ಯಾಶ್ ಕ್ರೆಡಿಟ್, ವ್ಯಾಪಾರದ ಚಾಲ್ತಿ ಖರ್ಚಿನ) ಸಾಲಕ್ಕೆ ನೀವು ಹಾಕಿದ ಜಾಮೀನು ಸಹಿ ಅಳಿಸಿಹೋಗುವುದಿಲ್ಲ. ಅಡವಿಟ್ಟ ಮನೆಯ ಪತ್ರವೂ ಬಿಡುಗಡೆ ಆಗುವುದಿಲ್ಲ. ಬ್ಯಾಂಕಿನಿಂದ ಬಿಡುಗಡೆಯ ಕಾಗದ ಕೈಗೆ ಬಂದ ಮೇಲೇ ಕೀಲಿ ಕೊಡಿ.

ಪಾಲುದಾರಿಕೆ ಇದ್ದವರಿಗೂ ಇದೇ ಎಚ್ಚರ. 1932ರ ಕಾಯ್ದೆಯ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ದಿನ ಸಂಸ್ಥೆಯೇ ವಿಸರ್ಜನೆ. ಅಣ್ಣ ತಮ್ಮ ಸೇರಿ ಮೂವತ್ತು ವರ್ಷದ ಹಿಂದೆ ಬರೆಸಿದ ಪತ್ರವನ್ನು ಒಮ್ಮೆ ತೆಗೆದು ಓದಿ. ನಿವೃತ್ತರಾಗುವಾಗ ಸಾರ್ವಜನಿಕ ನೋಟಿಸು ಕೊಡದಿದ್ದರೆ ಆಮೇಲಿನ ಸಾಲಕ್ಕೂ ನಿಮ್ಮ ಬಾಗಿಲಿಗೆ ಬರಬಹುದು.

ಹೊರಗಿನವರಿಗೆ

ಹುಬ್ಬಳ್ಳಿ, ಮಂಗಳೂರು, ಗೋವಾದಿಂದ ಕೊಳ್ಳುವವರು ಬಂದರೆ ಬೆಲೆ ಸಾಮಾನ್ಯವಾಗಿ ಹೆಚ್ಚು, ದುಡ್ಡೂ ಒಂದೇ ಗಂಟು. ಕಾಗದ ಸರಿ ಇರುವವರಿಗೆ ಮಾತ್ರ ಈ ದಾರಿ. ನಮ್ಮ ಜಿಲ್ಲೆಯಲ್ಲಿ ಕಾಗದವೇ ದೊಡ್ಡ ತೊಡಕು. ಎಷ್ಟೋ ಅಂಗಡಿ, ಗಿರಣಿ, ವರ್ಕ್‌ಶಾಪುಗಳು ಅತಿಕ್ರಮಣದ ಜಾಗದಲ್ಲಿವೆ. ಮೂರು ತಲೆಮಾರು ಅಲ್ಲೇ ದುಡಿದಿದ್ದರೂ ಮಾರುವ ಹಕ್ಕು ಹುಟ್ಟಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11ರ ಆಸ್ತಿ ದಾಖಲೆ, ಪೇಟೆಯಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡಲಬದಿಯ ಲಾಡ್ಜು, ಹೋಂಸ್ಟೇಗಳಿಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಕಡಲಂಚಿನ ಕಟ್ಟಡಗಳ ಮೇಲಿನ ನಿರ್ಬಂಧದ, ಪ್ರಶ್ನೆ ಎದುರಾಗುತ್ತದೆ. ಹೊರಗಿನವರ ವಕೀಲರು ಮೊದಲು ಕೇಳುವುದೇ ಅದನ್ನು. ಹೆದ್ದಾರಿ 66ರ ಪಕ್ಕದವರು ಭೂಸ್ವಾಧೀನದಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎನ್ನುವ ಅಳತೆಯ ನಕ್ಷೆ ತೆಗೆಸಿಟ್ಟುಕೊಳ್ಳಿ.

ಪರವಾನಗಿಗಳೂ ವ್ಯಾಪಾರದ ಜೊತೆ ತಾವಾಗಿ ದಾಟುವುದಿಲ್ಲ. ಔಷಧ ಅಂಗಡಿಯ ಮಾಲಿಕತ್ವ ಬದಲಾದರೆ ಹಳೆಯ ಲೈಸೆನ್ಸು ಹೆಚ್ಚೆಂದರೆ ಮೂರು ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಹೊಸದು ಆಗಬೇಕು. ಹೋಟೆಲು, ಬೇಕರಿಯ ಆಹಾರ ಪರವಾನಗಿ ಕೊಂಡವನು ಹೊಸದಾಗಿಯೇ ಮಾಡಿಸಬೇಕು.

ತೆರಿಗೆಯ ವಿಷಯ. ಇಡೀ ವ್ಯಾಪಾರವನ್ನು ನಡೆಯುತ್ತಿರುವ ಸ್ಥಿತಿಯಲ್ಲೇ, ಬಿಡಿ ಬಿಡಿಯಾಗಿ ಬೆಲೆ ಹಚ್ಚದೆ, ಒಂದೇ ಮೊತ್ತಕ್ಕೆ ಮಾರುವುದಕ್ಕೆ ಸ್ಲಂಪ್ ಸೇಲ್ ಎನ್ನುತ್ತಾರೆ. ಮೂರು ವರ್ಷಕ್ಕಿಂತ ಹಳೆಯ ವ್ಯಾಪಾರವಾದರೆ, ಪುಸ್ತಕದ ನಿವ್ವಳ ಮೌಲ್ಯ ಕಳೆದು ಉಳಿದ ಲಾಭಕ್ಕೆ ಶೇ. 12.5 ಮತ್ತು ಸೆಸ್. ಹೀಗೆ ಪೂರ್ತಿಯಾಗಿ ದಾಟಿಸಿದರೆ ಜಿಎಸ್‌ಟಿ ಬೀಳುವುದಿಲ್ಲ. ಬಿಡಿಬಿಡಿಯಾಗಿ ಮಾರಿದರೆ ಮಾಲಿನ ಲಾಭ ವ್ಯಾಪಾರದ ಆದಾಯವಾಗಿ ನಿಮ್ಮ ಸ್ಲ್ಯಾಬಿಗೆ ಬೀಳುತ್ತದೆ, ಮಾಲಿಗೆ ಜಿಎಸ್‌ಟಿಯೂ ಇದೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಜಾಗವನ್ನು ಮಾರಿದರೆ ಶೇ. 12.5 ನೇರವಾಗಿ, ಇಲ್ಲವೇ ಕೊಂಡ ಬೆಲೆಯನ್ನು ಬೆಲೆ ಸೂಚ್ಯಂಕದಂತೆ ಏರಿಸಿ ಶೇ. 20, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ನಿಮ್ಮ ಸಿ.ಎ. ಹತ್ತಿರ ಎರಡೂ ಲೆಕ್ಕ ಹಾಕಿಸಿ ನೋಡಿ, ಕರಾರಿಗೆ ಸಹಿ ಹಾಕುವ ಮೊದಲು.

'ಅರ್ಧ ಚೆಕ್ಕು, ಅರ್ಧ ನಗದು' ಎಂದು ಕೇಳುವವರು ಬಂದೇ ಬರುತ್ತಾರೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೂ ದಂಡ ಬೀಳುವ ಕಾನೂನು ಇದೆ, ದಂಡ ಪಡೆದವನ ಮೇಲೆ. ಎಪ್ಪತ್ತರ ವಯಸ್ಸಿನಲ್ಲಿ ನೋಟಿಸಿಗೆ ಉತ್ತರ ಬರೆಯುತ್ತ ಕೂರುವ ಪಾಡು ಯಾರಿಗೂ ಬೇಡ.

ಯಾವ ವ್ಯಾಪಾರ ಎನ್ನುವುದರ ಮೇಲೂ ಹೊತ್ತು ನಿಂತಿದೆ. ಬೋಟು ಮಾರುವವರಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನ ಒಳ್ಳೆಯ ಕಾಲ. ಬೋಟು ದಡದ ಮೇಲಿರುತ್ತದೆ, ಕೊಳ್ಳುವವನು ತಳವನ್ನೂ ಎಂಜಿನನ್ನೂ ಕಣ್ಣಾರೆ ನೋಡಿ ಆಗಸ್ಟಿಗೆ ಕಡಲಿಗೆ ಇಳಿಸಬಹುದು. ಅಡಿಕೆ ಖರೀದಿಯವರ ಸ್ಥಿತಿ ಬೇರೆ. ಬೆಳೆಗಾರ ಮಾಲು ತಂದು ಹಾಕುವುದು ಆ ಯಜಮಾನರ ಮುಖ ನೋಡಿ. ಹೊಸಬನು ಬಂದ ಮರುದಿನ ಆ ಬೆಳೆಗಾರ ಸಹಕಾರಿ ಸಂಘದ ಟೆಂಡರಿಗೆ ಹೋದರೆ ತಡೆಯುವವರು ಯಾರು? ಅಲ್ಲಿ ಗುಡ್‌ವಿಲ್‌ಗೆ ದೊಡ್ಡ ಬೆಲೆ ನಿರೀಕ್ಷಿಸಬೇಡಿ. ಗೋದಾಮು ಮತ್ತು ಜಾಗದ್ದೇ ಬೆಲೆ.

ನಡೆಸಲು ಕೊಡುವುದು

ಕರಾವಳಿಯ ಹೋಟೆಲು, ಲಾಡ್ಜುಗಳಲ್ಲಿ ರೂಢಿಯಲ್ಲಿರುವ ದಾರಿ. ಮಾರಿದಂತೆಯೂ ಅಲ್ಲ, ಕೂತಲ್ಲಿಗೆ ತಿಂಗಳ ಹಣ. ಕೇಳಲು ಹಿತ. ಕಾರವಾರದಲ್ಲಿ ನನ್ನ ಹತ್ತಿರದ ಸಂಬಂಧಿಕರೊಬ್ಬರು ಲಾಡ್ಜನ್ನು ಐದು ವರ್ಷಕ್ಕೆ ಹೀಗೆ ಕೊಟ್ಟಿದ್ದರು. ವಾಪಸು ಬಂದಾಗ ಹಾಸಿಗೆಗಳು ಹರಿದಿದ್ದವು, ಬೋರ್ಡಿನ ಹೆಸರಿಗೆ ಊರಲ್ಲಿ ಕೆಟ್ಟ ಮಾತು ಅಂಟಿತ್ತು, ವಿದ್ಯುತ್ ಬಾಕಿ ಅವರ ಹೆಸರಲ್ಲೇ ಇತ್ತು. ಆಹಾರ ಪರವಾನಗಿ, ಮೀಟರು, ಟ್ರೇಡ್ ಲೈಸೆನ್ಸು ನಿಮ್ಮ ಹೆಸರಲ್ಲಿ ಇರುವಷ್ಟು ದಿನ ಅಲ್ಲಿ ಏನೇ ಆದರೂ ನೋಟಿಸು ನಿಮಗೇ. ಒಂದೆರಡು ವರ್ಷದಲ್ಲಿ ಮಗಳೋ ಮಗನೋ ಬರುವುದು ಖಚಿತವಿದ್ದು, ಅಲ್ಲಿಯವರೆಗೆ ದೀಪ ಆರದಿರಲಿ ಎನ್ನುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ. ಒಂದು ವರ್ಷ ಮೀರಿದ ಲೀಸಿನ ಕರಾರು ನೋಂದಣಿಯಾಗಬೇಕು.

ಬಾಗಿಲು ಹಾಕುವುದು

ಇದನ್ನು ಸೋಲು ಎಂದುಕೊಳ್ಳುವವರು ಬಹಳ, ನಾನು ಹಾಗೆ ಎಣಿಸುವುದಿಲ್ಲ. ನಿಮ್ಮ ಕೈಚಳಕದ ಮೇಲೇ ನಿಂತ ಕಸುಬು, ಗಡಿಯಾರ ರಿಪೇರಿ, ಹೊಲಿಗೆ, ಎತ್ತಿನ ಗಾಡಿಯ ಚಕ್ರ, ಇವುಗಳಿಗೆ ಕೊಳ್ಳುವವರು ಹುಟ್ಟುವುದಿಲ್ಲ. ವರ್ಷದಿಂದ ವರ್ಷಕ್ಕೆ ಕೈಯಿಂದ ಹಾಕಿ ನಡೆಸುವುದಕ್ಕಿಂತ ಒಂದು ವರ್ಷ ಮೊದಲೇ ತಿಳಿಸಿ ಮುಚ್ಚಿದರೆ ಮಾಲಿಗೆ ಪೂರ್ತಿ ಬೆಲೆ ಬರುತ್ತದೆ, ಉದ್ರಿಯೂ ವಸೂಲಾಗುತ್ತದೆ. ಊರಿನವರು ಮುಚ್ಚುವ ಅಂಗಡಿಯ ಬಾಕಿ ಉಳಿಸಿಕೊಳ್ಳಲು ನಾಚುತ್ತಾರೆ. ಇದ್ದಕ್ಕಿದ್ದಂತೆ ಮುಚ್ಚಿದರೆ ಮಾತ್ರ ಮರೆಯುತ್ತಾರೆ.

ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನು ಜಿಎಸ್‌ಟಿಆರ್-10 ಹಾಕಬೇಕು. ಉಳಿದ ಮಾಲಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಆಗ ಹಿಂದಿರುಗಿಸಬೇಕಾಗುತ್ತದೆ, ಅದಕ್ಕೇ ಮಾಲು ಖಾಲಿ ಮಾಡಿ ಅರ್ಜಿ ಹಾಕುವುದು ಲೇಸು. ಕೈಗೆ ಬಂದ ಹಣ ಎಲ್ಲಿಡುತ್ತೀರಿ ಎನ್ನುವುದನ್ನೂ ನೋಡಿ. ನಮ್ಮ ಕಡೆ ಗುರುತಿನ ಸೊಸೈಟಿಯಲ್ಲಿ ಠೇವಣಿ ಇಡುವುದು ವಾಡಿಕೆ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಹಕಾರಿ ಸಂಘಗಳ ಠೇವಣಿ ಆ ವಿಮೆಯಡಿ ಬರುವುದಿಲ್ಲ. ಅರವತ್ತು ದಾಟಿದವರ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಹಾಕಬಹುದು, ಅಂಚೆ ಕಚೇರಿಯಲ್ಲೇ.

ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಜಿಎಸ್‌ಟಿ ಕಾನೂನಿಗೆ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಅವು ಇರಬೇಕು. ಕಳೆದ ಮಾರ್ಚಿನಲ್ಲಿ ಬಾಗಿಲು ಹಾಕಿದ ಸಿದ್ದಾಪುರದ ಪಾತ್ರೆ ಅಂಗಡಿಯವರು ಏಳು ವರ್ಷದ ಕಿರ್ದಿ, ಖಾತೆ, ಬಿಲ್ಲು ಎಲ್ಲ ಒಂದು ತಗಡಿನ ಟ್ರಂಕಿಗೆ ತುಂಬಿದರು. ಗೆದ್ದಲು ಹತ್ತದಂತೆ ಒಳಗೆ ಬೇವಿನ ಸೊಪ್ಪು ಹಾಸಿ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಯಾವ ವರ್ಷ ತೆರೆಯಬಹುದು ಎಂದು ಬರೆದರು. ಟ್ರಂಕು ಈಗ ಅವರ ಮನೆಯ ಮಾಳಿಗೆಯಲ್ಲಿದೆ, ಕೀಲಿ ಸೊಸೆಯ ಹತ್ತಿರ.